ನಕ್ಷೆಯ ನಡುವೆ ನೆಟ್ಟನೆಯ ಗೆರೆ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಬಸ್ಸಿಗೆ ಐದು ನಿಮಿಷ ಕಾಯಬೇಕಾದರೆ ಮುಂದಿನ ನಿಲ್ದಾಣದವರೆಗೆ ನಡೆಯಲು ಶುರುಮಾಡುತ್ತೇನೆ, ಅಷ್ಟರಲ್ಲಿ ಬಸ್ಸು ನನ್ನ ಪಕ್ಕದಲ್ಲೇ ಹಾದುಹೋಗಿರುತ್ತದೆ. ಹಾಲು ಕಾಯುವವರೆಗೆ ಒಲೆಯ ಮುಂದೆ ನಿಂತವಳಲ್ಲ. ನಮ್ಮ ಮನೆಯ ಒಲೆ ಕುಡಿದಷ್ಟು ಹಾಲನ್ನು ನಾವು ಕುಡಿದಿಲ್ಲ ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಾನೆ. ಚಿಕ್ಕಂದಿನಲ್ಲಿ ಅತ್ತೆ ನನಗೆ ಪಾದರಸ ಎಂದು ಹೆಸರಿಟ್ಟಳು. ಈಗ ನನಗೆ ಮೂವತ್ತಾರು, ಹೆಸರು ಹಾಗೇ ಉಳಿದಿದೆ.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ತಂಗಿ. ಮದುವೆ ಗಿದುವೆ ಎಂದು ತಲೆಕೆಡಿಸಿಕೊಳ್ಳದೆ ಮೂವತ್ತೆಂಟು ವರ್ಷ ಊರೂರು ಅಲೆದು ಮಣ್ಣು ನೋಡಿದವಳು. ನನ್ನನ್ನು ಈ ಕೆಲಸಕ್ಕೆ ಎಳೆದು ತಂದವಳೂ ಅವಳೇ. ಆಫೀಸಿನಲ್ಲಿ ನಾನು ಅತ್ತೆ ಅತ್ತೆ ಎನ್ನುವುದನ್ನು ಕೇಳಿ ಕೇಳಿ ಮೊದಲು ಡ್ರೈವರ್, ಆಮೇಲೆ ಟೈಪಿಸ್ಟ್, ಕೊನೆಗೆ ಅವಳಿಗಿಂತ ಎರಡು ವರ್ಷ ದೊಡ್ಡವರಾದ ಇಂಜಿನಿಯರು ಕೂಡ ಅವಳನ್ನು ಅತ್ತೆ ಎನ್ನತೊಡಗಿದರು. ಮನೆಯಲ್ಲಿ ಅವಳು ಕೆಳಗಿನ ಹಿಂದಿನ ಕೋಣೆಯಲ್ಲಿರುತ್ತಾಳೆ, ಮುಂದಿನ ಕೋಣೆ ನನ್ನ ಗಂಡನ ಹೊಲಿಗೆ ಅಂಗಡಿ, ನಾವಿಬ್ಬರೂ ಮಲಗುವುದು ಮೇಲೆ.

ಕೆಲಸ ಏನೆಂದರೆ, ನೀರು ಹಾಯಿಸುವ ಮೊದಲು ನೆಲ ಎಂಥದು ಎಂದು ಹೇಳುವುದು. ಈ ಸಲ ನಮ್ಮ ಪಾಲಿಗೆ ಬಂದದ್ದು ದೊಡ್ಡದೊಂದು ಹುಲ್ಲುಗಾವಲು. ಸೊಂಟದೆತ್ತರದ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಚಪ್ಪಟೆ ತಲೆಯ ಮುಳ್ಳುಮರ, ಆಳೆತ್ತರದ ಹುತ್ತಗಳು, ಎಲ್ಲೋ ಸುಟ್ಟು ಕಪ್ಪಾದ ಪಟ್ಟಿ. ವರ್ಷದಲ್ಲಿ ಏಳು ತಿಂಗಳು ಅಲ್ಲಿ ಹನಿ ಬೀಳುವುದಿಲ್ಲ. ದನ ಸಾಕುವವರ ಸಂಘವೊಂದು ಅಲ್ಲಿ ಮೇವು ಮತ್ತು ಹಣ್ಣಿನ ಸಸಿ ಹಾಕಲು ಹೊರಟಿತ್ತು. ಕೆರೆಯಲ್ಲಿರುವ ನೀರು ಅಳತೆಯದು. ಮರಳು ನೆಲವಾದರೆ ದಿನಾ ಸ್ವಲ್ಪ ಸ್ವಲ್ಪ ಕೊಡಬೇಕು, ಇಲ್ಲದಿದ್ದರೆ ಬೇರಿಗೆ ಸಿಗುವ ಮೊದಲೇ ಇಳಿದುಹೋಗುತ್ತದೆ. ಜೇಡಿ ನೆಲವಾದರೆ ಐದಾರು ದಿನಕ್ಕೊಮ್ಮೆ ನಿಧಾನವಾಗಿ ಉಣಿಸಬೇಕು. ಜೇಡಿಗೆ ದಿನಾ ನೀರು ಬಿಟ್ಟರೆ ನೀರು ನಿಂತು ಬೇರು ಕೊಳೆಯುತ್ತದೆ. ಪೈಪು ಎಷ್ಟು ದಪ್ಪ, ಎಷ್ಟು ಹತ್ತಿರ, ವಾಲ್ವ್ ಎಲ್ಲಿ, ಎಲ್ಲವೂ ನಮ್ಮ ನಕ್ಷೆಯ ಬಣ್ಣದ ಮೇಲೆ ನಿಂತಿತ್ತು. ಮರಳಿಗೆ ಹಳದಿ, ಜೇಡಿಗೆ ಕಂದು.

ಮರಳೋ ಜೇಡಿಯೋ ಎಂದು ನೋಡುವುದು ಕೈಯಿಂದ. ಬೈರಿಗೆಯಿಂದ ನೆಲ ಕೊರೆದು, ಬಂದ ಮಣ್ಣಿಗೆ ನೀರು ಚಿಮುಕಿಸಿ ಅಂಗೈಯಲ್ಲಿ ನಾದುತ್ತೇವೆ. ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಂತೆ ಹೊರಕ್ಕೆ ದೂಡುತ್ತೇವೆ. ಮರಳಾದರೆ ಪಟ್ಟಿ ಏಳುವುದೇ ಇಲ್ಲ, ಉದುರಿಹೋಗುತ್ತದೆ. ಜೇಡಿಯಾದರೆ ಎರಡು ಮೂರು ಬೆರಳುದ್ದ ನೇತಾಡುತ್ತದೆ. ಕೇಳಲು ಮಕ್ಕಳಾಟ, ಕೈಗೆ ಹತ್ತಲು ವರ್ಷಗಳು ಬೇಕು. ಪ್ರಯೋಗಾಲಯವೂ ಇದೆ, ಆದರೆ ಅಲ್ಲಿಯ ಯಂತ್ರ ಆಗ ರಿಪೇರಿಗೆ ಹೋಗಿತ್ತು. ಬರಲು ಮೂರು ವಾರವಾಗುತ್ತದೆ ಎಂದಿದ್ದರು.

ಹುಲ್ಲುಗಾವಲಿನ ನಡುವೆ ಬೆಂಕಿ ಹಬ್ಬದಿರಲೆಂದು ಹುಲ್ಲು ಕೆತ್ತಿ ಮಾಡಿದ ಒಂದು ದಾರಿ ಇದೆ. ದಾರಿಯ ಪೂರ್ವಕ್ಕೆ ಅತ್ತೆ, ಪಶ್ಚಿಮಕ್ಕೆ ನಾನು ಎಂದು ಹಂಚಿಕೊಂಡೆವು. ಒಬ್ಬೊಬ್ಬರಿಗೆ ತೊಂಬತ್ತು ಗುಂಡಿ. ನಾನು ಆರು ದಿನದಲ್ಲಿ ಮುಗಿಸಿದೆ. ಅತ್ತೆಗೆ ಹದಿನಾಲ್ಕು ದಿನ ಹಿಡಿಯಿತು. ಏಳನೆಯ ದಿನದಿಂದ ನಾನು ಆಫೀಸಿನಲ್ಲಿ ಕಿಟಕಿಗೂ ಬಾಗಿಲಿಗೂ ಓಡಾಡುತ್ತ, ಇವಳೇನು ಮಣ್ಣು ನೋಡುತ್ತಾಳೋ ಮಣ್ಣಿಗೆ ಕತೆ ಹೇಳುತ್ತಾಳೋ ಎಂದು ಗೊಣಗುತ್ತಿದ್ದೆ. ನನ್ನ ಚುರುಕನ್ನು ಎಲ್ಲರೂ ಹೊಗಳಿದರು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ.

ಸೋಮವಾರ ನಕ್ಷೆ ಗೋಡೆಗೆ ಬಂತು. ಪಶ್ಚಿಮವೆಲ್ಲ ಹಳದಿ, ಪೂರ್ವವೆಲ್ಲ ಕಂದು, ನಡುವೆ ಆ ದಾರಿಯ ಉದ್ದಕ್ಕೂ ನೆಟ್ಟನೆಯ ಗೆರೆ. ಇಂಜಿನಿಯರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಬಹಳ ಹೊತ್ತು ನೋಡಿದರು. ನೆಲ ಯಾವತ್ತಾದರೂ ಸ್ಕೇಲು ಇಟ್ಟು ಗೆರೆ ಎಳೆದುಕೊಂಡದ್ದನ್ನು ನೋಡಿದ್ದೀರಾ ಎಂದು ಕೇಳಿದರು. ದಾರಿಯ ಆಚೆಗೂ ಈಚೆಗೂ ಅದೇ ಹುಲ್ಲು, ಅವೇ ಮರ, ಅಷ್ಟೇ ಹುತ್ತ. ದಾರಿ ಮಾಡಿದ್ದು ಮನುಷ್ಯರು, ಅದನ್ನು ಕೇಳಿ ಮಣ್ಣು ಬದಲಾಗುತ್ತದೆಯೇ? ಇದು ಮಣ್ಣಿನ ಗೆರೆಯಲ್ಲ, ಕೈಯ ಗೆರೆ, ನಿಮ್ಮಿಬ್ಬರಲ್ಲಿ ಯಾರದೋ ಒಬ್ಬರ ಕೈ ತಪ್ಪಿದೆ ಎಂದರು.

ಅತ್ತೆ ಆಗ ಕೋಣೆಯಲ್ಲಿರಲಿಲ್ಲ. ಹಿತ್ತಲ ನಲ್ಲಿಯಲ್ಲಿ ಬೈರಿಗೆ ತೊಳೆಯುತ್ತಿದ್ದಳು. ನೀರಿನ ಸದ್ದು ನನಗೆ ಕೇಳುತ್ತಿತ್ತು. ಒಂದು ನಿಮಿಷ ತಡೆದಿದ್ದರೆ ಅವಳೇ ಬರುತ್ತಿದ್ದಳು, ಇಬ್ಬರೂ ಕೂತು ಮಾತಾಡಬಹುದಿತ್ತು. ಒಂದು ನಿಮಿಷ ತಡೆಯುವ ಅಭ್ಯಾಸ ನನಗೆಲ್ಲಿದೆ?

“ಅತ್ತೆಗೆ ಅರವತ್ತೊಂದು ಸರ್,” ಎಂದೆ. “ಬೆರಳ ತುದಿ ಮೊದಲಿನ ಹಾಗಿಲ್ಲ. ಮೊನ್ನೆ ಸೂಜಿಗೆ ದಾರ ಪೋಣಿಸೋಕೂ ಆಗ್ಲಿಲ್ಲ.”

ಸೂಜಿಗೆ ದಾರ ಪೋಣಿಸಲು ಆಗದಿದ್ದದ್ದು ನಿಜ. ಅವತ್ತು ಅವಳು ಕನ್ನಡಕವನ್ನು ಅಡುಗೆಮನೆಯಲ್ಲಿ ಮರೆತಿದ್ದಳು ಎಂಬುದೂ ನಿಜ. ಮೊದಲನೆಯದನ್ನು ಹೇಳಿದೆ, ಎರಡನೆಯದು ಬಾಯಿಗೆ ಬರಲಿಲ್ಲ. ಹೇಳುವಾಗ ನನಗೆ ಇದು ಚಾಡಿ ಅನ್ನಿಸಲಿಲ್ಲ. ನನ್ನ ಕೈ ತಪ್ಪಿರಬಹುದು ಎಂಬ ಯೋಚನೆ ತಲೆಗೆ ಸುಳಿಯದಿದ್ದಾಗ ಉಳಿಯುವುದು ಅವಳ ಕೈ ಒಂದೇ ತಾನೆ.

ಇಂಜಿನಿಯರು ಒಳ್ಳೆಯವರು, ಆದರೆ ಅವರ ತಲೆಯ ಮೇಲೆ ಶುಕ್ರವಾರ ನೇತಾಡುತ್ತಿತ್ತು. ಶುಕ್ರವಾರ ನಾಲ್ಕು ಗಂಟೆಗೆ ಪೈಪಿನ ಪಟ್ಟಿ ಕಾರ್ಖಾನೆಗೆ ಹೋಗಬೇಕು, ಆಮೇಲೆ ಬದಲಾವಣೆ ಇಲ್ಲ. ಸರಿ, ಒಂದೇ ಕೈಯನ್ನು ನಂಬೋಣ, ನಿಮ್ಮದನ್ನೇ ಇಟ್ಟುಕೊಳ್ಳುತ್ತೇನೆ, ಪೂರ್ವದಲ್ಲೂ ಐದು ಗುಂಡಿ ನೀವೇ ನೋಡಿಬನ್ನಿ ಎಂದರು. ಅತ್ತೆಗೆ ನೀವು ಹೇಳುತ್ತೀರೋ ನಾನು ಹೇಳಲೋ ಎಂದೂ ಕೇಳಿದರು. ನಾನೇ ಹೇಳುತ್ತೇನೆ ಎಂದೆ. ಎಲ್ಲದಕ್ಕೂ ನಾನೇ ಮುಂದು.

ಮನೆಗೆ ಹೋಗುವ ಬಸ್ಸಿನಲ್ಲಿ ಹೇಳಿದೆ. ಅತ್ತೆ ಕಿಟಕಿಯ ಪಕ್ಕ ಕೂತಿದ್ದಳು. ಬಯ್ಯುತ್ತಾಳೆ, ಮೂಗು ಮುರಿಯುತ್ತಾಳೆ, ಇಂಜಿನಿಯರಿಗೆ ಮಣ್ಣಿನ ಗಂಧವೇ ಗೊತ್ತಿಲ್ಲ ಎಂದು ರೇಗುತ್ತಾಳೆ ಎಂದುಕೊಂಡು ಜಗಳಕ್ಕೆ ಸಿದ್ಧವಾಗಿದ್ದೆ. ಅವಳು ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿದಳು.

“ಹೌದಾ?” ಎಂದಳು. “ನಂಗೆ ಗೊತ್ತೇ ಆಗ್ಲಿಲ್ಲ ನೋಡು.”

“ಅದು ಗೊತ್ತಾಗಲ್ಲ ಅತ್ತೆ. ಗೊತ್ತಾಗದೇ ಇರೋದೇ ಅದರ ಲಕ್ಷಣ,” ಎಂದೆ.

ಈ ಮಾತು ಎಷ್ಟು ಕೆಟ್ಟದ್ದು ಎಂದು ಆಗ ನನಗೆ ಹೊಳೆಯಲಿಲ್ಲ. ಇದಕ್ಕೆ ಅವಳು ಏನು ತಾನೆ ಉತ್ತರ ಕೊಟ್ಟಾಳು? ಬೆರಳು ಸರಿ ಇದೆ ಅನ್ನಿಸಿದರೂ ಅದೇ ರೋಗದ ಗುರುತು ಎಂದುಬಿಟ್ಟೆನಲ್ಲ. ತಪ್ಪಿಸಿಕೊಳ್ಳಲು ಒಂದು ಸಂದೂ ಬಿಡದೆ ಬಾಗಿಲು ಹಾಕಿದ್ದೆ. ಅತ್ತೆ ತಲೆಯಾಡಿಸಿದಳು. ನಮ್ಮ ನಿಲ್ದಾಣ ಬಂದರೂ ಏಳಲಿಲ್ಲ, ನಾನು ಭುಜ ಮುಟ್ಟಿ ಎಬ್ಬಿಸಬೇಕಾಯಿತು.

ಆಮೇಲಿನ ಎರಡು ದಿನ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಉಸಿರಾಡಲಿಲ್ಲ. ಅತ್ತೆ ರಜೆ ಹಾಕಿದಳು, ಮೂವತ್ತೆಂಟು ವರ್ಷದಲ್ಲಿ ಎಷ್ಟನೆಯದೋ, ಕೈಬೆರಳಲ್ಲಿ ಎಣಿಸಬಹುದು. ಮಂಗಳವಾರ ನಾನು ಕೆಲಸದಿಂದ ಬಂದಾಗ ಅವಳು ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ನನ್ನ ಗಂಡ ಅವಳ ಕೈಗೆ ಒಂದೊಂದೇ ಬಟ್ಟೆಯ ತುಂಡು ಕೊಡುತ್ತಿದ್ದ. ಇದು ಹತ್ತಿ, ಇದು ಹತ್ತಿಗೆ ಇನ್ನೇನೋ ಬೆರಕೆ, ಇದು ಉಣ್ಣೆ ಎಂದು ಅವಳು ಹೇಳುತ್ತಿದ್ದಳು. ಮೊದಲ ಆರು ಸರಿ. ಏಳನೆಯದಕ್ಕೆ ತಡವರಿಸಿದಳು. ತಡವರಿಸಿದ್ದೇ ತಡ, ಎಂಟು, ಒಂಬತ್ತು, ಹತ್ತು ಎಲ್ಲ ತಪ್ಪಿದವು. ಕಣ್ಣು ಬಿಟ್ಟು ಬೆರಳನ್ನು ಸೀರೆಗೆ ಒರೆಸಿಕೊಂಡು, ನೀನು ಹೇಳಿದ್ದೇ ಸರಿ ಕಣೆ ಎಂದಳು.

ಅವಳು ಒಳಗೆ ಹೋದ ಮೇಲೆ ನನ್ನ ಗಂಡ ಕತ್ತರಿ ಕೆಳಗಿಟ್ಟ. ಅವನು ಹೆಚ್ಚು ಮಾತಾಡುವವನಲ್ಲ.

“ಅವರ ಕೈ ಹೋಗಿದೆ ಅಂತ ನೀನು ಹೇಗೆ ಹೇಳ್ದೆ? ನೋಡಿದ್ಯಾ?”

“ಈಗ ನೀನೇ ನೋಡಿದ್ಯಲ್ಲ, ಮೂರು ತಪ್ಪಾಯ್ತು.”

“ಹಿಂದೆ ಒಬ್ರು ನಿಂತು ನೋಡ್ತಿದ್ರೆ ನಾನೂ ಅಂಗಿಗೆ ಗುಂಡಿ ವಾರೆಯಾಗಿ ಹೊಲೀತೀನಿ,” ಎಂದ.

ನಾನು ರೇಗಿದೆ. ಅವನಿಗೆ ಮಣ್ಣಿನ ವಿಷಯ ಏನು ಗೊತ್ತು, ಬಟ್ಟೆ ಹೊಲಿಯುವವನು ಬಟ್ಟೆ ಹೊಲಿಯಲಿ ಎಂದು ಮೆಟ್ಟಿಲು ಹತ್ತಿ ಹೋದೆ. ಮೇಲೆ ಹೋದವಳಿಗೆ ಅಲ್ಲೂ ಕೂರಲಾಗಲಿಲ್ಲ. ಬಟ್ಟೆ ಮಡಚಿದೆ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ, ಕಪಾಟಿನ ಕಾಗದಗಳನ್ನೆಲ್ಲ ನೆಲಕ್ಕೆ ಹಾಕಿಕೊಂಡು ಜೋಡಿಸಿದೆ. ಕೆಳಗೆ ಅತ್ತೆ ಲೋಟವೊಂದನ್ನು ಬೀಳಿಸಿದ ಸದ್ದು ಕೇಳಿತು. ಅವಳು ಲೋಟ ಬೀಳಿಸಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿಲ್ಲ.

ಬುಧವಾರ ಅವಳು ವೈದ್ಯರ ಬಳಿ ಹೋಗಿಬಂದಳು. ಅವರು ಬೆರಳಿಗೆ ಅದನ್ನಿದನ್ನು ತಾಗಿಸಿ, ಈ ವಯಸ್ಸಿಗೆ ಸ್ವಲ್ಪ ಇದ್ದೇ ಇರುತ್ತದೆ, ಹೆಚ್ಚೇನೂ ಕಾಣುವುದಿಲ್ಲ ಎಂದರಂತೆ. ಹೆಚ್ಚೇನೂ ಕಾಣುವುದಿಲ್ಲ ಎಂಬುದು ಅವಳ ಕಿವಿಗೆ ಬೀಳಲಿಲ್ಲ, ಇದ್ದೇ ಇರುತ್ತದೆ ಎಂಬುದು ಮಾತ್ರ ಬಿತ್ತು. ಸಂಜೆ ನನ್ನನ್ನು ಕೋಣೆಗೆ ಕರೆದು ತನ್ನ ಬೈರಿಗೆಯನ್ನು ಕೊಟ್ಟಳು. ಹಿಡಿ ಸವೆದು ನುಣ್ಣಗಾದ, ಬೇರೆ ಯಾರಿಗೂ ಮುಟ್ಟಲು ಬಿಡದ ಬೈರಿಗೆ. ಇನ್ನು ನೀನೇ ಇಟ್ಟುಕೋ, ವರದಿಯಲ್ಲಿ ನನ್ನ ಹೆಸರು ತೆಗೆದುಬಿಡು, ಹಿಂದಿನ ಕೆಲಸಗಳಲ್ಲಿ ಎಷ್ಟು ಕಡೆ ಹೀಗೆ ತಪ್ಪಿ ಬರೆದಿದ್ದೇನೋ ಯಾರಿಗೆ ಗೊತ್ತು ಎಂದಳು. ಅವಳ ಬಳಿ ಇದ್ದದ್ದು ಆ ಬೆರಳುಗಳೇ. ಆಸ್ತಿಯಿಲ್ಲ, ಮಕ್ಕಳಿಲ್ಲ, ಪದವಿಯ ಕಾಗದವಿಲ್ಲ. ಈ ನೆಲ ಇಂಥದು ಎಂದು ಅವಳು ಹೇಳಿದರೆ ಜನ ಅಲ್ಲಿ ಬಾವಿ ತೋಡಿದ್ದಾರೆ, ತೋಟ ಹಾಕಿದ್ದಾರೆ. ಆ ಮಾತಿನ ಮೇಲೆ ಅವಳಿಗೇ ನಂಬಿಕೆ ಹೋದರೆ ಮೂವತ್ತೆಂಟು ವರ್ಷ ನೀರಲ್ಲಿ ಹೋಮ ಮಾಡಿದಂತೆ. ಆದರೂ ಬೈರಿಗೆ ತೆಗೆದುಕೊಂಡೆ.

ಗುರುವಾರ ಪೂರ್ವಕ್ಕೆ ಹೋಗಿ ಐದು ಗುಂಡಿ ಕೊರೆದೆ. ಮೊದಲನೆಯದರಲ್ಲಿ ಮಣ್ಣು ತೆಗೆದು ನೀರು ಹಾಕಿ ನಾದಿ ಒತ್ತಿದೆ. ಪಟ್ಟಿ ಏಳಲಿಲ್ಲ, ಉದುರಿತು. ಮರಳು. ಎರಡನೆಯದೂ ಮರಳು. ಐದಕ್ಕೆ ಐದೂ ಮರಳು. ನೋಡಿದ್ಯಾ ಎಂದು ಯಾರಿಗೋ ಹೇಳಬೇಕೆನಿಸಿತು, ಡ್ರೈವರ್ ಬಿಟ್ಟರೆ ಯಾರೂ ಇರಲಿಲ್ಲ. ಐದು ಗುಂಡಿಗೆ ಒಂದೂವರೆ ಗಂಟೆ. ಗೆದ್ದವಳ ಹಾಗೆ ಹಿಂದಿರುಗಿದೆ, ಆದರೆ ಗೆದ್ದವರಿಗೆ ಸಿಗಬೇಕಾದ ನೆಮ್ಮದಿ ಸಿಗಲಿಲ್ಲ. ಊಟ ಸೇರಲಿಲ್ಲ, ಹಾಸಿಗೆಯಲ್ಲಿ ಹೊರಳಿದ್ದೇ ಬಂತು. ಅತ್ತೆಗೆ ಐದೂ ಮರಳು ಎಂದು ಹೇಳಿದಾಗ ಅವಳು, ಹೂಂ, ಹಾಗೇ ಇರುತ್ತೆ ಎಂದು ಎದ್ದುಹೋಗಿದ್ದಳು.

ಶುಕ್ರವಾರ ಬೆಳಿಗ್ಗೆ ಪಶ್ಚಿಮದಲ್ಲಿ ಪೈಪಿನ ದಾರಿಗೆ ಗೂಟ ಹೊಡೆಯುವ ಜಾಗ ಗುರುತಿಸಲು ಹೊರಟೆ. ಹತ್ತೂವರೆಗೆ ಗಾಡಿಯ ಚಕ್ರಕ್ಕೆ ಮುಳ್ಳು ಹೊಕ್ಕಿತು. ಬದಲಿ ಚಕ್ರ ತೆಗೆದು ನೋಡಿದರೆ ಅದರಲ್ಲೂ ಗಾಳಿಯಿಲ್ಲ. ಡ್ರೈವರ್ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿ, ತಪ್ಪು ತನ್ನದಲ್ಲ, ಮುಳ್ಳಿನದು ಎಂದು ತೀರ್ಮಾನಿಸಿದ. ಚಕ್ರವನ್ನು ಉರುಳಿಸಿಕೊಂಡು ಡಾಂಬರು ರಸ್ತೆಗೆ ಹೋಗಿ ಯಾವುದಾದರೂ ಲಾರಿ ಹಿಡಿದು ಬರುತ್ತೇನೆ, ಮೂರು ಗಂಟೆ ಹಿಡಿಯಬಹುದು, ಗಾಡಿಯಲ್ಲಿ ಸಾಮಾನಿದೆ, ಬಿಟ್ಟು ಎಲ್ಲಿಗೂ ಹೋಗಬೇಡಿ ಎಂದು ಹೇಳಿ ಹೊರಟ.

ಮೂರು ಗಂಟೆ. ನನ್ನಂಥವಳಿಗೆ ಅದು ಜೈಲು. ಫೋನಿಗೆ ಸಿಗ್ನಲ್ ಇಲ್ಲ. ಗಾಡಿಯ ಸುತ್ತ ನಡೆದೆ. ನಕ್ಷೆ ಬಿಚ್ಚಿದೆ, ಮಡಚಿದೆ. ಹತ್ತಿರದ ಹುತ್ತದ ತನಕ ಹೋಗಿ ಬಂದೆ. ಗಡಿಯಾರ ನೋಡಿದರೆ ಹದಿನೇಳು ನಿಮಿಷ ಕಳೆದಿತ್ತು. ಗಾಡಿಯ ಹಿಂಬದಿಯಲ್ಲಿ ನನ್ನ ಗುಂಡಿಗಳ ಮಾದರಿ ಚೀಲಗಳಿದ್ದವು. ಕೈಗೆ ಏನಾದರೂ ಬೇಕಿತ್ತು, ಅಷ್ಟೇ. ನಲವತ್ತೇಳನೆಯ ಗುಂಡಿಯ ಚೀಲ ಬಿಚ್ಚಿ ಒಂದು ಮುಷ್ಟಿ ಮಣ್ಣು ತೆಗೆದು ನೀರು ಚಿಮುಕಿಸಿ ಗಾಡಿಯ ನೆರಳಲ್ಲಿ ಕೂತು ನಾದತೊಡಗಿದೆ.

ನಾದುತ್ತ ಅತ್ತೆಯ ಲೋಟದ ಸದ್ದು ನೆನಪಾಯಿತು. ಗಂಡನಿಗೆ ಅಂದ ಮಾತು ನೆನಪಾಯಿತು. ನಾಲ್ಕು ಗಂಟೆಗೆ ಹೊರಡುವ ಪೈಪಿನ ಪಟ್ಟಿ ನೆನಪಾಯಿತು. ಕೈ ತನ್ನ ಪಾಡಿಗೆ ನಾದುತ್ತಿತ್ತು. ನೀರು ಆರಿದಾಗ ಇನ್ನಷ್ಟು ಹಾಕಿದೆ, ಮತ್ತೆ ನಾದಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬೆರಳ ಸಂದಿ ಅಂಟುತ್ತಿದೆ ಎಂದು ಆಮೇಲೆ ಗಮನಿಸಿದೆ. ಮೊದಲು ಚುಚ್ಚುತ್ತಿದ್ದ ಮಣ್ಣು ಬೆಣ್ಣೆಯ ಹಾಗೆ ನುಣುಪಾಗಿತ್ತು. ಒತ್ತಿದೆ. ಪಟ್ಟಿ ಎದ್ದಿತು. ಒಂದು ಬೆರಳುದ್ದ, ಎರಡು ಬೆರಳುದ್ದ, ಮೂರು. ತುಂಡಾಗಲಿಲ್ಲ.

ಚೀಲ ಅದಲುಬದಲಾಗಿದೆ ಎಂದುಕೊಂಡೆ. ಚೀಟಿ ನೋಡಿದೆ, ನನ್ನದೇ ಬರಹ. ಎದ್ದು ಹತ್ತು ಹೆಜ್ಜೆಯಾಚೆ ಹೊಸದಾಗಿ ಕೊರೆದೆ. ಹೊಸ ಮಣ್ಣನ್ನು ನನ್ನ ರೂಢಿಯಂತೆ ನಾದಿ ಒತ್ತಿದೆ. ಉದುರಿತು, ಮರಳು. ಅದೇ ಮುದ್ದೆಯನ್ನು ಬಿಸಾಡದೆ ಎಣಿಸುತ್ತ ನಾದಿದೆ. ಅತ್ತೆ ಕಲಿಸಿದ್ದು ಇನ್ನೂರು ಸಲ. ನಾನು ನಲವತ್ತಕ್ಕೆ ನಿಲ್ಲಿಸಿ ಎಷ್ಟು ವರ್ಷವಾಯಿತೋ. ಇಲ್ಲಿಯವರೆಗೆ ನಾವು ನೋಡಿದ ತಗ್ಗಿನ ಹಸಿ ನೆಲಗಳಿಗೆ ನಲವತ್ತು ಸಾಕಾಗುತ್ತಿತ್ತು, ಹಾಗಾಗಿ ಯಾರಿಗೂ ತಿಳಿಯಲಿಲ್ಲ, ನನಗೂ ಮರೆತುಹೋಯಿತು. ಏಳು ತಿಂಗಳು ಬಿಸಿಲಿಗೆ ಬೆಂದ ಈ ನೆಲದಲ್ಲಿ ಜೇಡಿ ಒಣಗಿ ಗಟ್ಟಿ ಹರಳಾಗಿರುತ್ತದೆ. ಹರಳಿನ ಒಳಕ್ಕೆ ನೀರು ಇಳಿಯಲು ಹೊತ್ತು ಬೇಕು. ಅಲ್ಲಿಯವರೆಗೆ ಅದು ಬೆರಳಿಗೆ ಥೇಟು ಮರಳು. ನೂರಕ್ಕೆ ಮುದ್ದೆ ಮೆತ್ತಗಾಯಿತು. ನೂರೈವತ್ತಕ್ಕೆ ಅಂಟಿತು. ಇನ್ನೂರಕ್ಕೆ ನಾನು ಒತ್ತಬೇಕಾಗಿಯೂ ಇರಲಿಲ್ಲ, ಆದರೂ ಒತ್ತಿದೆ.

ಮತ್ತೊಂದು ಗುಂಡಿ ಕೊರೆದೆ, ಇನ್ನೊಂದನ್ನೂ. ಎಲ್ಲ ಜೇಡಿ. ನನ್ನ ತೊಂಬತ್ತು ಗುಂಡಿಯ ಹಳದಿ ಪೂರಾ ಸುಳ್ಳು. ನಿನ್ನೆ ಪೂರ್ವದಲ್ಲಿ ನಾನು ಪರೀಕ್ಷೆ ಮಾಡಿದ್ದು ನೆಲವನ್ನಲ್ಲ, ನನ್ನ ಅವಸರವನ್ನೇ ಐದು ಸಲ ಮಾಡಿ ನೋಡಿದ್ದೆ. ಅತ್ತೆಯ ಹದಿನಾಲ್ಕು ದಿನ ಎಲ್ಲಿಗೆ ಹೋಯಿತು ಎಂದು ಅವತ್ತು ಗೊತ್ತಾಯಿತು. ಅಲ್ಲಿ ಬಯ್ಯುವವರಿರಲಿಲ್ಲ, ನನ್ನನ್ನು ನಾನೇ ಬಾಯಿಗೆ ಬಂದಂತೆ ಬೈದುಕೊಂಡೆ.

ಡ್ರೈವರ್ ಬಂದದ್ದು ಎರಡು ಗಂಟೆಗೆ. ಚಕ್ರ ಹಾಕುವಷ್ಟು ಹೊತ್ತೂ ಅವನ ತಲೆಯ ಮೇಲೆ ನಿಂತಿದ್ದೆ. ಅಕ್ಕ, ನೀವು ಪಕ್ಕಕ್ಕೆ ಹೋದ್ರೆ ಬೇಗ ಆಗುತ್ತೆ ಎಂದ. ಆಫೀಸು ತಲುಪಿದಾಗ ಮೂರೂವರೆ ದಾಟಿತ್ತು. ಇಂಜಿನಿಯರು ಪೈಪಿನ ಪಟ್ಟಿಗೆ ಸಹಿ ಹಾಕಿ ಟೈಪಿಸ್ಟ್ ಕೈಗೆ ಕೊಡುತ್ತಿದ್ದರು. ಕಳಿಸಬೇಡಿ ಸರ್ ಎಂದೆ. ಮುದ್ದೆಯನ್ನು ಅವರ ಮೇಜಿನ ಮೇಲೆ ಇಟ್ಟೆ. ಕುಳಿತು ಹೇಳಿ ಎಂದರು. ಕೂತೆ, ಒಂದೂ ಬಿಡದೆ ಹೇಳಿದೆ. ಸೂಜಿ ದಾರದ ದಿನ ಕನ್ನಡಕ ಎಲ್ಲಿತ್ತು ಎಂಬುದನ್ನೂ ಹೇಳಿದೆ.

ಅವರು ಪೈಪಿನ ಪಟ್ಟಿಯನ್ನು ವಾಪಸ್ ಪಡೆದು ಡ್ರಾಯರಿಗೆ ಹಾಕಿದರು. ಹತ್ತು ಹದಿನೈದು ದಿನ ತಡವಾದರೆ ಆಗಲಿ, ಸಂಘದವರ ಹತ್ತಿರ ಮಾತು ಕೇಳುವುದು ನನ್ನ ಪಾಡು, ಬೇರು ಕೊಳೆತ ಮೇಲೆ ಕೇಳುವುದಕ್ಕಿಂತ ವಾಸಿ ಎಂದರು. ಪಶ್ಚಿಮದ ತೊಂಬತ್ತು ಗುಂಡಿಯನ್ನೂ ಅತ್ತೆಯೇ ಹೊಸದಾಗಿ ನೋಡಬೇಕು, ನೀವು ಕೊರೆದುಕೊಡಿ ಸಾಕು, ಕೈ ಅವರದಾಗಿರಲಿ ಎಂದರು. ನನಗೆ ಅದು ಶಿಕ್ಷೆ ಅನ್ನಿಸಲಿಲ್ಲ, ಬಿಡುಗಡೆ ಅನ್ನಿಸಿತು. ಎಲ್ಲ ಸರಿಹೋಯಿತು ಎಂದುಕೊಂಡು ಮನೆಗೆ ಓಡಿದೆ. ಬಸ್ಸು ಕಾಯದೆ ಅರ್ಧ ದಾರಿ ನಡೆದೇ ಹೋದೆ.

ಅತ್ತೆ ಅಂಗಡಿಯ ಕಿಟಕಿಯ ಬಳಿ ಕೂತಿದ್ದಳು. ಮುಂದೆ ಮೂರು ಬಟ್ಟಲು, ಒಂದರಲ್ಲಿ ಉಪ್ಪು, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಹಿಟ್ಟು. ಕಣ್ಣು ಮುಚ್ಚಿ ಬೆರಳು ಅದ್ದುತ್ತಿದ್ದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಕೈ ಹೋದದ್ದು ನನ್ನದು, ನಲವತ್ತಕ್ಕೆ ನಿಲ್ಲಿಸಿದ್ದೆ, ನಿನ್ನ ಕಂದು ಬಣ್ಣವೇ ಸರಿ, ಇಂಜಿನಿಯರಿಗೂ ಹೇಳಿ ಬಂದೆ ಎಂದೆ. ಮಿಷನ್ನಿನ ಸದ್ದು ನಿಂತಿತು. ಗಂಡ ತಲೆಯೆತ್ತಿ ನೋಡುತ್ತಿದ್ದ. ಬೈಗುಳಕ್ಕೆ ನಾನು ಕಾದೆ. ಬೈದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ.

“ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ,” ಎಂದಳು ಅತ್ತೆ.

ಇಲ್ಲ ಎಂದೆ. ಆಣೆ ಇಟ್ಟೆ. ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಮುದ್ದೆಯನ್ನು ಬಿಚ್ಚಿ ಮುಂದೆ ಹಿಡಿದೆ, ನೀನೇ ಮುಟ್ಟಿ ನೋಡು ಎಂದೆ. ಅವಳು ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

“ಸೋಮವಾರ ಬಸ್ಸಲ್ಲಿ ನೀನು ಹೇಳ್ದಾಗ್ಲೂ ಇಷ್ಟೇ ಗಟ್ಟಿಯಾಗಿ ಹೇಳಿದ್ದೆ ಕಣೆ. ಇವತ್ತೂ ಇಷ್ಟೇ ಗಟ್ಟಿಯಾಗಿ ಹೇಳ್ತಿದ್ದೀಯ. ನಾನು ಯಾವುದನ್ನ ನಂಬ್ಲಿ?”

ಬದುಕಿನಲ್ಲಿ ಮೊದಲ ಸಲ ನಿಂತ ಜಾಗದಲ್ಲಿ ನಿಂತೇ ಇದ್ದೆ. ಗಂಡ ಎದ್ದುಬಂದು ನನ್ನ ಕೈಯಿಂದ ಮುದ್ದೆ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟ. ಅತ್ತೆ ಅದರ ಕಡೆ ನೋಡಲಿಲ್ಲ.

ಶನಿವಾರ, ಭಾನುವಾರ ಅವಳನ್ನು ಒಪ್ಪಿಸುವುದೇ ನಮ್ಮ ಕೆಲಸವಾಯಿತು. ಇಂಜಿನಿಯರು ಮನೆಗೇ ಬಂದರು. ಅತ್ತೆ, ನೀವು ಬರದಿದ್ದರೆ ನಾನು ಪೈಪು ಹಾಕುವುದಿಲ್ಲ, ಸಂಘದವರ ದನಗಳೆಲ್ಲ ನಿಮ್ಮ ಮನೆಯ ಮುಂದೆ ಬಂದು ಮೇವು ಕೇಳುತ್ತವೆ ಎಂದು ತಮಾಷೆ ಮಾಡಿದರು. ಅವಳು ನಕ್ಕಳು, ದೊಡ್ಡವರು ಮನೆಗೆ ಬಂದರೆ ನಗಬೇಕಲ್ಲ ಎಂಬಂತೆ. ಕೊನೆಗೆ, ಬರುತ್ತೇನೆ, ಆದರೆ ಜೊತೆಗೆ ಇವಳು ಇರಬೇಕು ಎಂದಳು. ಇವಳು ಎಂದರೆ ನಾನು. ನಾನು ಇರುತ್ತೇನೆ ಎಂದೆ. ಏಕೆ ಎಂದು ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಪಶ್ಚಿಮದ ಮೊದಲನೆಯ ಗುಂಡಿಯ ಹತ್ತಿರ ನಿಂತೆವು. ಅವಳ ಬೈರಿಗೆಯನ್ನು ಅವಳಿಗೇ ಕೊಟ್ಟೆ, ನೀನೇ ಕೊರಿ ಎಂದು ಹಿಂದಿರುಗಿಸಿದಳು. ಕೊರೆದೆ. ಮಣ್ಣನ್ನು ಅವಳ ಅಂಗೈಗೆ ಹಾಕಿದೆ. ಅವಳು ನೀರು ಚಿಮುಕಿಸಿ ನಾದತೊಡಗಿದಳು. ನಾನು ಮಣ್ಣನ್ನಲ್ಲ, ಅವಳ ಬೆರಳುಗಳನ್ನು ನೋಡುತ್ತಿದ್ದೆ. ಹೆಬ್ಬೆರಳ ಬುಡದಿಂದ ಒತ್ತಿ, ಮಡಚಿ, ತಿರುಗಿಸಿ, ಮತ್ತೆ ಒತ್ತಿ. ಒಂದು ಬಾರಿಯೂ ಲಯ ತಪ್ಪಲಿಲ್ಲ. ಇಷ್ಟು ಚೆನ್ನಾಗಿ ನಾದುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ಅಲುಗಾಡಲಿಲ್ಲ, ಗಡಿಯಾರ ನೋಡಲಿಲ್ಲ. ಹತ್ತು ನಿಮಿಷವಾಗಿರಬೇಕು. ಅವಳು ಒತ್ತಿದಳು. ಪಟ್ಟಿ ತೆಳ್ಳಗೆ, ಹೊಳೆಯುತ್ತ ಹೊರಬಂದು ಮೂರು ಬೆರಳುದ್ದ ಇಳಿಬಿತ್ತು. ಗಾಡಿಯ ಪಕ್ಕದಲ್ಲಿ ನಿಂತಿದ್ದ ಡ್ರೈವರಿಗೂ ಅದು ಏನೆಂದು ತಿಳಿಯುವಂತಿತ್ತು.

ಪುಸ್ತಕ ಬಿಚ್ಚಿ ಅವಳ ಎಡಗೈಗೆ ಪೆನ್ಸಿಲ್ ಕೊಟ್ಟೆ. ಎರಡೂ ಕೈಯಲ್ಲಿ ಬರೆಯುವವಳು ಅವಳು, ಬಲಗೈ ಯಾವಾಗಲೂ ಮಣ್ಣಲ್ಲಿರುತ್ತದೆ ಎಂದು ಎಡಗೈಯಲ್ಲೂ ಕಲಿತವಳು.

“ಬರಿ ಅತ್ತೆ,” ಎಂದೆ.

ಪೆನ್ಸಿಲ್ ಕಾಗದದ ಮೇಲೆ ನಿಂತಿತು. ಅವಳು ಪಟ್ಟಿಯನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು ನೋಡಿದಳು.

“ಏನಂತ ಬರೀಲಿ?” ಎಂದು ನನ್ನನ್ನು ಕೇಳಿದಳು.